ರೇಖೆಯ ತುದಿಯಲ್ಲಿ ನ್ಯೂಟ್ರಿನೊ

ಪರಮಾಣು ಬೀಜದೊಳಗಿನ ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುವಾಗ ಎಲೆಕ್ಟ್ರಾನ್ ಒಂದು ಹೊರಚಿಮ್ಮುತ್ತದೆ. ಇದೇ ಬೀಟಾ ಕ್ಷಯ. ಬಿಡುಗಡೆಯಾಗುವ ಶಕ್ತಿ ಪ್ರತಿ ಸಲವೂ ಅಷ್ಟೇ ಆದ್ದರಿಂದ ಎಲೆಕ್ಟ್ರಾನಿನ ಶಕ್ತಿಯೂ ಅಷ್ಟೇ ಇರಬೇಕಿತ್ತು. ಆದರೆ 1914ರಲ್ಲಿ ಜೇಮ್ಸ್ ಚಾಡ್ವಿಕ್ ಅಳೆದಾಗ ಸಿಕ್ಕಿದ್ದು ಬಗೆಬಗೆಯ ಶಕ್ತಿಯ ಎಲೆಕ್ಟ್ರಾನುಗಳು. ಉಳಿದ ಶಕ್ತಿಯನ್ನು ವಿದ್ಯುದಂಶವಿಲ್ಲದ, ಯಾರೂ ಕಾಣದ ಇನ್ನೊಂದು ಕಣ ಹೊತ್ತೊಯ್ಯುತ್ತಿರಬಹುದು ಎಂದು 1930ರ ಡಿಸೆಂಬರಿನಲ್ಲಿ ಪತ್ರ ಬರೆದವರು ವೋಲ್ಫ್‌ಗ್ಯಾಂಗ್ ಪೌಲಿ. ನಾವಿಂದು ನ್ಯೂಟ್ರಿನೊ ಎನ್ನುವುದು ಆ ಕಣವನ್ನೇ.

ಆ ಊಹೆಯನ್ನು 1934ರಲ್ಲಿ ಎನ್ರಿಕೊ ಫರ್ಮಿ ಗಣಿತಕ್ಕೆ ಇಳಿಸಿದರು. ಅವರ ವಾದದ ತಿರುಳು ಬಹಳ ಚೆಲುವಾದದ್ದು. ಇರುವ ಶಕ್ತಿಯನ್ನು ಎರಡು ಕಣಗಳು ಎಷ್ಟು ಬಗೆಯಲ್ಲಿ ಹಂಚಿಕೊಳ್ಳಬಹುದು? ಹೆಚ್ಚು ಬಗೆಗಳಿರುವಲ್ಲಿ ಎಲೆಕ್ಟ್ರಾನುಗಳ ಸಂಖ್ಯೆಯೂ ಹೆಚ್ಚು. ಒಂದಕ್ಕೇ ಎಲ್ಲವೂ ದಕ್ಕುವ ಬಗೆಗಳು ತೀರಾ ಕಡಿಮೆ. ಹಾಗಾಗಿ ಯಾವ ಶಕ್ತಿಯ ಎಲೆಕ್ಟ್ರಾನುಗಳು ಎಷ್ಟೆಂದು ತೋರಿಸುವ ರೇಖೆ ನಡುವೆ ಉಬ್ಬುತ್ತದೆ. ಧನ ವಿದ್ಯುದಂಶದ ಬೀಜ ಎಲೆಕ್ಟ್ರಾನನ್ನು ಹಿಂದಕ್ಕೆ ಸೆಳೆಯುವುದರಿಂದ ಕಡಿಮೆ ಶಕ್ತಿಯವುಗಳ ಪಾಲು ಮತ್ತಷ್ಟು ಹೆಚ್ಚುತ್ತದೆ.

ನ್ಯೂಟ್ರಿನೊಗೆ ದ್ರವ್ಯರಾಶಿ ಇದ್ದರೆ ಅದರ ಗುರುತು ರೇಖೆಯ ಕೊನೆಯಲ್ಲಿ ಕಾಣಬೇಕು ಎಂಬುದನ್ನೂ ಫರ್ಮಿ ಆಗಲೇ ಹೇಳಿದ್ದರು. ಆ ದ್ರವ್ಯರಾಶಿಗೆ ಮೀಸಲಾದ ಶಕ್ತಿ ಎಲೆಕ್ಟ್ರಾನಿಗೆ ಸಿಗದು. ರೇಖೆ ತುಸು ಮೊದಲೇ ಮುಗಿಯುತ್ತದೆ. ಇದನ್ನು ಹುಡುಕಲು ಹೈಡ್ರೋಜನ್ನಿನ ವಿಕಿರಣಶೀಲ ರೂಪವಾದ ಟ್ರಿಟಿಯಂ ಅನುಕೂಲ. ಅದರಿಂದ ಹೊರಬರುವ ಎಲೆಕ್ಟ್ರಾನಿನ ಗರಿಷ್ಠ ಶಕ್ತಿ ಬರೀ 18.6 ಕಿಲೊ ಎಲೆಕ್ಟ್ರಾನ್ ವೋಲ್ಟ್. ಆದರೂ ಕೊನೆಯ ಒಂದು ಎಲೆಕ್ಟ್ರಾನ್ ವೋಲ್ಟ್‌ನೊಳಗೆ ಬೀಳುವುದು 10 ಲಕ್ಷ ಕೋಟಿ ಎಲೆಕ್ಟ್ರಾನುಗಳಲ್ಲಿ ಸುಮಾರು ಎರಡು!

ಉಪಕರಣ ಎಷ್ಟೇ ಸೂಕ್ಷ್ಮವಾಗಿರಲಿ, ಹೋಲಿಸಿ ನೋಡುವ ಸೈದ್ಧಾಂತಿಕ ರೇಖೆ ತಪ್ಪಿದ್ದರೆ ಅಳತೆ ವ್ಯರ್ಥ. ಟ್ರಿಟಿಯಂ ಇರುವುದು ಜೋಡಿ ಪರಮಾಣುಗಳ ಅಣುವಾಗಿ. ಒಂದು ಪರಮಾಣು ಹೀಲಿಯಂ ಆದೊಡನೆ ಇಡೀ ಅಣು ಅಲುಗುತ್ತದೆ, ತಿರುಗುತ್ತದೆ, ಅದರ ಎಲೆಕ್ಟ್ರಾನುಗಳು ಮೇಲಿನ ಮಟ್ಟಕ್ಕೆ ಜಿಗಿಯುತ್ತವೆ. ಇದಕ್ಕೆಲ್ಲ ಖರ್ಚಾಗುವ ಶಕ್ತಿಯನ್ನು ಲೆಕ್ಕ ಹಾಕಿಯೇ ತಿಳಿಯಬೇಕು. 1990ರ ದಶಕದಲ್ಲಿ ಅಮೆರಿಕದ ಲಾಸ್ ಅಲಾಮಸ್ ಮತ್ತು ಲಿವರ್‌ಮೋರ್ ಪ್ರಯೋಗಗಳಲ್ಲಿ ನ್ಯೂಟ್ರಿನೊ ದ್ರವ್ಯರಾಶಿಯ ವರ್ಗ ಋಣಸಂಖ್ಯೆಯಾಗಿ ಬಂದಿತ್ತು. ಅರ್ಥವಿಲ್ಲದ ಉತ್ತರ. ಅದೇ ದತ್ತಾಂಶವನ್ನು ಅಣುವಿನ ಹೊಸ ಲೆಕ್ಕಾಚಾರದೊಂದಿಗೆ ಮತ್ತೆ ನೋಡಿದಾಗ ಆ ವಿಚಿತ್ರ ಮಾಯವಾಯಿತು. ಬೀಟಾ ಕ್ಷಯದ ಈ ರೇಖೆಯ ವಿಷಯದಲ್ಲಿ ಸಿದ್ಧಾಂತಿಗಳ ಕೆಲಸ ಅಳತೆಯ ಅರ್ಧ ಭಾಗವೇ ಎಂದು ನಾನು ನಂಬಲು ಇದೇ ಕಾರಣ.

ಟ್ರಿಟಿಯಂ ರೇಖೆಯ ತುದಿಯನ್ನೇ ಅಳೆಯುವ, ಜರ್ಮನಿಯ ಕಾರ್ಲ್ಸ್‌ರೂಹೆಯ ಕ್ಯಾಟ್ರಿನ್ ಪ್ರಯೋಗ ನ್ಯೂಟ್ರಿನೊ ದ್ರವ್ಯರಾಶಿಗೆ 2025ರಲ್ಲಿ ಪ್ರಕಟಿಸಿದ ಮೇಲ್ಮಿತಿ 0.45 ಎಲೆಕ್ಟ್ರಾನ್ ವೋಲ್ಟ್. ಅಂದರೆ, ನ್ಯೂಟ್ರಿನೊದ ದ್ರವ್ಯರಾಶಿ ಎಲೆಕ್ಟ್ರಾನಿನದರ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ.