ಕೂದಲೆಳೆಯಷ್ಟು ಗಾಜು, ಕಡಲಾಚೆಗೆ ಮಾತು

ಅಮೆರಿಕದಲ್ಲಿರುವ ಮಗಳ ಮುಖವನ್ನು ಫೋನಿನಲ್ಲಿ ನೋಡುತ್ತ ಹಾಸನದ ತಾಯಿ ಮಾತನಾಡುತ್ತಾಳೆ. ಆ ಮಾತು ಆಕಾಶದ ಉಪಗ್ರಹಕ್ಕೆ ಏರಿ ಇಳಿದು ಬರುತ್ತದೆಂದು ನಂಬಿರುವವರು ಬಹಳ ಮಂದಿ. ನಿಜಸಂಗತಿ ಬೇರೆ. ಖಂಡದಿಂದ ಖಂಡಕ್ಕೆ ಹೋಗುವ ಮಾತು, ಚಿತ್ರ, ಪತ್ರಗಳ ಬಹುಪಾಲು ಸಾಗುವುದು ಸಮುದ್ರದ ತಳದಲ್ಲಿ ಮಲಗಿರುವ ಗಾಜಿನ ಎಳೆಗಳೊಳಗೆ. ಆಪ್ಟಿಕಲ್ ಫೈಬರ್ ಅಥವಾ ದ್ಯುತಿ ತಂತು ಎಂದು ಕರೆಯುವ ಈ ಎಳೆ ತಲೆಗೂದಲಿಗಿಂತ ತುಸು ದಪ್ಪ. ಅದರ ಹೆಚ್ಚುಗಾರಿಕೆ ಇರುವುದು ಗಾಜಿನ ಪರಿಶುದ್ಧತೆಯಲ್ಲಿ.

ಬೆಳಕು ಬಾಗುವುದೆ?

ಬೆಳಕು ನೇರವಾಗಿ ಚಲಿಸುತ್ತದೆ ಎಂಬುದು ಶಾಲೆಯ ಪಾಠ. ಪಂಜಾಬಿನ ಮೋಗಾದಲ್ಲಿ 1926ರಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಮೇಷ್ಟ್ರ ಈ ಮಾತೇ ತಮ್ಮನ್ನು ಕೆಣಕಿತೆಂದು ಹೇಳಿಕೊಳ್ಳುತ್ತಿದ್ದರು. 1954ರಲ್ಲಿ ಲಂಡನ್ನಿನಲ್ಲಿ ಅವರು ಹೆರಾಲ್ಡ್ ಹಾಪ್ಕಿನ್ಸ್ ಜೊತೆಗೂಡಿ, ಬಾಗಿದ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು.

ಇದರ ಗುಟ್ಟು ಪೂರ್ಣ ಆಂತರಿಕ ಪ್ರತಿಫಲನ. ಎಳೆಯ ಒಳತಿರುಳಿನ ವಕ್ರೀಭವನ ಸೂಚ್ಯಂಕ ಹೆಚ್ಚು, ಹೊರಪದರದ್ದು ಕಡಿಮೆ. ತಿರುಳಿನಲ್ಲಿ ಓಡುವ ಬೆಳಕು ಹೊರಪದರವನ್ನು ಓರೆಯಾಗಿ ತಾಗಿದಾಗ ಹೊರಹೋಗಲಾರದೆ ಒಳಕ್ಕೇ ಮರಳುತ್ತದೆ. ಮನೆಯಲ್ಲೇ ಇದನ್ನು ನೋಡಬಹುದು. ಪ್ಲಾಸ್ಟಿಕ್ ಬಾಟಲಿಯ ಕೆಳಭಾಗದ ಪಕ್ಕದಲ್ಲಿ ಸಣ್ಣ ತೂತು ಮಾಡಿ ನೀರು ತುಂಬಿ. ಕತ್ತಲೆ ಕೋಣೆಯಲ್ಲಿ ಎದುರು ಬದಿಯಿಂದ ಲೇಸರ್ ಬೆಳಕನ್ನು ತೂತಿನತ್ತ ಹಾಯಿಸಿ. ಬಾಗಿ ಬೀಳುವ ನೀರಿನ ಧಾರೆಯ ಜೊತೆಗೆ ಬೆಳಕೂ ಬಾಗುತ್ತದೆ. ಲೇಸರ್ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಲು ಹಿರಿಯರು ಜೊತೆಗಿರಬೇಕು.

20 ಮೀಟರಿನ ತೊಡಕು

ಹೊಟ್ಟೆಯೊಳಗೆ ಇಣುಕಿ ನೋಡುವ ವೈದ್ಯರಿಗೆ ಒಂದೆರಡು ಮೀಟರ್ ಎಳೆ ಸಾಕು. ದೂರವಾಣಿಗೆ ಅದು ಸಾಲದು. 1960ರ ದಶಕದ ಉತ್ತಮ ಗಾಜಿನಲ್ಲೂ ಕೇವಲ 20 ಮೀಟರ್ ಸಾಗುವಷ್ಟರಲ್ಲಿ ಬೆಳಕಿನ ನೂರು ಪಾಲಿನಲ್ಲಿ ಒಂದು ಪಾಲು ಮಾತ್ರ ಉಳಿಯುತ್ತಿತ್ತು. ಗಾಜಿನ ಹಾದಿ ಪ್ರಯೋಜನವಿಲ್ಲವೆಂದು ಅನೇಕರು ಕೈಬಿಟ್ಟಿದ್ದರು.

ಇಂಗ್ಲೆಂಡಿನ ಹಾರ್ಲೋದಲ್ಲಿದ್ದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದ, ಶಾಂಘೈಯಲ್ಲಿ ಹುಟ್ಟಿದ ಚಾರ್ಲ್ಸ್ ಕಾವ್ ಬೇರೆ ಪ್ರಶ್ನೆ ಕೇಳಿದರು: ಬೆಳಕನ್ನು ನುಂಗುವುದು ಗಾಜೋ, ಅದರೊಳಗಿನ ಕಲ್ಮಶವೋ? 1966ರಲ್ಲಿ ಜಾರ್ಜ್ ಹಾಕ್‌ಹ್ಯಾಮ್ ಜೊತೆ ಪ್ರಕಟಿಸಿದ ಪ್ರಬಂಧದಲ್ಲಿ ಅವರು ಉತ್ತರವನ್ನೂ ಕೊಟ್ಟರು. ತಪ್ಪು ಗಾಜಿನದ್ದಲ್ಲ, ಕಬ್ಬಿಣದಂಥ ಕಲ್ಮಶದ್ದು. ಅದನ್ನು ತೆಗೆದರೆ ಒಂದು ಕಿಲೋಮೀಟರ್ ಆದ ಮೇಲೂ ನೂರರಲ್ಲಿ ಒಂದು ಪಾಲು ಉಳಿದೀತು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಮೌರರ್, ಕೆಕ್, ಶುಲ್ಟ್ಜ್ ಆ ಗುರಿಯನ್ನು ದಾಟಿದರು. 1979ರಲ್ಲಿ ಜಪಾನಿನ ವಿಜ್ಞಾನಿಗಳು ಅದೇ ದೂರವನ್ನು 100 ಕಿಲೋಮೀಟರಿಗೆ ಒಯ್ದರು. ಇಪ್ಪತ್ತು ವರ್ಷವೂ ತುಂಬದೆ 20 ಮೀಟರ್ 100 ಕಿಲೋಮೀಟರ್ ಆಗಿತ್ತು! ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಹುಮಾನದ ಅರ್ಧಪಾಲು ಸಂದಿತು. ಕಪಾನಿಯವರಿಗೆ ಅದು ಸಿಗಲಿಲ್ಲ. 2021ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಮರಳು ಕರಗಿಸಿದರೆ ಇಷ್ಟು ಶುದ್ಧ ಗಾಜು ಸಿಗುವುದಿಲ್ಲ. ಸಿಲಿಕಾನ್ ಇರುವ ಆವಿಯನ್ನು ಆಮ್ಲಜನಕದೊಡನೆ ಕಾಯಿಸಿ ಗಾಜನ್ನು ಪದರಪದರವಾಗಿ ಕೂರಿಸಿ ದಪ್ಪ ಸಲಾಕೆ ಮಾಡುತ್ತಾರೆ. ತಿರುಳಿಗೆ ಜರ್ಮೇನಿಯಂ ಬೆರೆಯುತ್ತದೆ. ಎತ್ತರದ ಗೋಪುರದ ತುದಿಯಲ್ಲಿ ಸುಮಾರು 2,000 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸಲಾಕೆಯ ತುದಿ ಮೆದುವಾಗಿ, ಬೆಲ್ಲದ ಪಾಕದಂತೆ ಎಳೆಯಾಗಿ ಕೆಳಗಿಳಿಯುತ್ತದೆ. ಎಳೆಯ ದಪ್ಪ 0.125 ಮಿಲಿಮೀಟರ್, ಬೆಳಕು ಓಡುವ ತಿರುಳು ಅದರ ಹತ್ತರಲ್ಲೊಂದು ಭಾಗಕ್ಕಿಂತಲೂ ಕಿರಿದು.

ಒಂದೇ ಎಳೆ, ಹಲವು ಬಣ್ಣ

1988ರಲ್ಲಿ ಅಟ್ಲಾಂಟಿಕ್ ಸಾಗರದಡಿ ಹಾಸಿದ ಮೊದಲ ದ್ಯುತಿ ತಂತು ಕೇಬಲ್ ಏಕಕಾಲಕ್ಕೆ 40,000 ದೂರವಾಣಿ ಕರೆಗಳನ್ನು ಹೊರಬಲ್ಲದಾಗಿತ್ತು. ಬೆಳಕು ಕುಂದಿದಲ್ಲೆಲ್ಲ ಅದನ್ನು ವಿದ್ಯುತ್ ಸಂಕೇತವಾಗಿ ಬದಲಿಸಿ, ಪುನಃ ಬೆಳಕಾಗಿಸಬೇಕಿತ್ತು. ಎರ್ಬಿಯಂ ಎಂಬ ಧಾತು ಬೆರೆಸಿದ ಗಾಜು ಬೆಳಕನ್ನು ಬೆಳಕಾಗಿಯೇ ಹಿಗ್ಗಿಸಬಲ್ಲದೆಂದು 1987ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇಯ್ನ್ ತಂಡ ತೋರಿಸಿತು. ಇದರಿಂದ ಬೇರೆ ಬೇರೆ ಬಣ್ಣದ, ಎಂದರೆ ಬೇರೆ ಬೇರೆ ತರಂಗಾಂತರದ, ಹತ್ತಾರು ಕಿರಣಗಳನ್ನು ಒಂದೇ ಎಳೆಯಲ್ಲಿ ಕಳಿಸಿ ಎಲ್ಲವನ್ನೂ ಒಟ್ಟಿಗೆ ಹಿಗ್ಗಿಸುವುದು ಸಾಧ್ಯವಾಯಿತು. 2024ರಲ್ಲಿ ಜಪಾನಿನ ನೇತೃತ್ವದ ತಂಡವೊಂದು ಸಾಮಾನ್ಯ ಎಳೆಯೊಂದರಲ್ಲಿ ಸೆಕೆಂಡಿಗೆ 402 ಲಕ್ಷ ಕೋಟಿ ಬಿಟ್ ಮಾಹಿತಿಯನ್ನು 50 ಕಿಲೋಮೀಟರ್ ಸಾಗಿಸಿತು.

ಗಾಜಿಲ್ಲದ ಗಾಜಿನೆಳೆ

ಕಲ್ಮಶವನ್ನೆಲ್ಲ ತೆಗೆದರೂ ಗಾಜಿನ ಅಣುಗಳೇ ಬೆಳಕನ್ನು ಒಂದಿಷ್ಟು ಚದುರಿಸುತ್ತವೆ. ಆಕಾಶವನ್ನು ನೀಲಿಯಾಗಿಸುವ ಚದುರುವಿಕೆಯೇ ಇದು. ಇದನ್ನು ತಪ್ಪಿಸಲು ಉಳಿದ ದಾರಿ ತಿರುಳಿನ ಗಾಜನ್ನೇ ತೆಗೆದುಬಿಡುವುದು! ತೆಳುವಾದ ಗಾಜಿನ ಕೊಳವೆಗಳ ನಡುವಿನ ಟೊಳ್ಳಿನಲ್ಲಿ ಬೆಳಕನ್ನು ಹರಿಸುವ ಎಳೆಯ ಬಗ್ಗೆ ಸೌತಾಂಪ್ಟನ್ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು 2025ರಲ್ಲಿ ವರದಿ ಪ್ರಕಟಿಸಿದರು. ಇದರಲ್ಲಿ ನೂರರಲ್ಲಿ ಒಂದು ಪಾಲು ಉಳಿಯುವ ದೂರ ಸುಮಾರು 220 ಕಿಲೋಮೀಟರ್. ಗಾಜಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವ ಬೆಳಕು ಟೊಳ್ಳಿನಲ್ಲಿ 3 ಲಕ್ಷದ ಸಮೀಪ ಓಡುತ್ತದೆ.

ಕೊನೆಯ ಮೈಲಿ

ಇಷ್ಟೆಲ್ಲ ಆದರೂ 2020ರ ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಬೇಕಾಯಿತು. ಮೊಬೈಲ್ ನಿಸ್ತಂತು ಸಾಧನವೆನಿಸಿದರೂ ಅದರ ಗೋಪುರಕ್ಕೆ ಗಾಜಿನೆಳೆ ಬಂದಿಲ್ಲವಾದರೆ ವೇಗಕ್ಕೆ ಮಿತಿ ಬೀಳುತ್ತದೆ. ಗೋಪುರವೇ ಇಲ್ಲದ ಕಣಿವೆಯ ಪಾಡು ಇನ್ನೂ ಕಷ್ಟ. ಗ್ರಾಮ ಪಂಚಾಯಿತಿಗಳಿಗೆ ದ್ಯುತಿ ತಂತು ಒಯ್ಯುವ ಕೇಂದ್ರದ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಭಾರತ್‌ನೆಟ್ ಎಂಬುದು ಅದರ ಈಗಿನ ಹೆಸರು. ಎಳೆ ಪಂಚಾಯಿತಿ ಕಚೇರಿಯ ಗೋಡೆಯಲ್ಲೇ ನಿಂತರೆ ಶಾಲೆಗೆ ಪ್ರಯೋಜನವಿಲ್ಲ. ರಸ್ತೆ ಅಗೆಯುವ ಜೆಸಿಬಿಯ ಹಲ್ಲಿಗೆ ಸಿಕ್ಕರೆ ಊರೇ ಮೌನ.

ಬೆಳಕನ್ನು ನುಂಗುತ್ತಿದ್ದ ಕಲ್ಮಶವನ್ನು ಗಾಜಿನಿಂದ ತೆಗೆಯಲು ಹದಿಮೂರು ವರ್ಷ ಹಿಡಿಯಿತು. ಪಂಚಾಯಿತಿಯಿಂದ ಶಾಲೆಯವರೆಗಿನ ದೂರಕ್ಕೆ ಹೊಸ ಸಂಶೋಧನೆಯೇನೂ ಬೇಕಿಲ್ಲ. ಎಳೆ ಎಲ್ಲಿಯವರೆಗೆ ಬಂದಿದೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಪೋಷಕರು ಕೇಳಬಹುದು.