ಕಣೋ (ಕನ್ನಡ ಪದ)

ಕಣೋ ಎಂಬುದು ಕನ್ನಡದ ಆಡುಮಾತಿನಲ್ಲಿ ವಾಕ್ಯದ ಕೊನೆಗೆ ಬರುವ ಒಂದು ಅವ್ಯಯ. ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಒಳಗೊಂಡ ಹಳೆಯ ಮೈಸೂರು ಪ್ರಾಂತ್ಯದಲ್ಲಿ ಇದರ ಬಳಕೆ ಹೆಚ್ಚು. ವಾಕ್ಯದ ಅರ್ಥಕ್ಕೆ ಇದು ಹೊಸದೇನನ್ನೂ ಸೇರಿಸುವುದಿಲ್ಲ. ಹೇಳುವವರಿಗೂ ಕೇಳುವವರಿಗೂ ಇರುವ ಸಂಬಂಧವನ್ನು ಸೂಚಿಸುತ್ತದೆ.

ಮೂಲ

ಈ ಪದವು 'ನೋಡು' ಎಂಬ ಅರ್ಥದ 'ಕಾಣ್' ಧಾತುವಿಗೆ ಸಂಬಂಧಿಸಿದೆ. 12ನೆಯ ಶತಮಾನದ ವಚನಗಳಲ್ಲಿ ಅಂಕಿತನಾಮದ ಜೊತೆಗೆ ಬರುವ 'ಕಾಣಾ' ಇದರ ಹಳೆಯ ಬಂಧು. ಉತ್ತರ ಕರ್ನಾಟಕದಲ್ಲಿ 'ಐತಿ ನೋಡ್ರಿ' ಎನ್ನುವಾಗಲೂ ನೋಡುವ ಕ್ರಿಯೆಯೇ ಮಾತಿಗೆ ಒತ್ತು ಕೊಡುತ್ತದೆ. ಡಚ್ ಭಾಷೆಯಲ್ಲಿ ಇದೇ ಕೆಲಸ ಮಾಡುವ 'ಹೋರ್' ಎಂಬ ಪದ 'ಕೇಳು' ಎಂಬ ಅರ್ಥದ ಕ್ರಿಯಾಪದದಿಂದ ಬಂದಿದೆ. ಅಲ್ಲಿಯ 'ಯಾ ಹೋರ್' ಎಂಬುದು 'ಹೌದು ಕಣೋ' ಎಂಬುದಕ್ಕೆ ಸಮೀಪವಾದುದು.

ರೂಪಗಳು

ಡಚ್ ಪದ ಎಲ್ಲರಿಗೂ ಒಂದೇ. ಕನ್ನಡದಲ್ಲಿ ಲಿಂಗ, ವಯಸ್ಸು ಮತ್ತು ಸಲಿಗೆಗೆ ತಕ್ಕಂತೆ ರೂಪ ಬದಲಾಗುತ್ತದೆ.

* ಕಣೋ, ಕಣ್ಲಾ: ಸಲಿಗೆಯ ಗಂಡಸು ಅಥವಾ ಹುಡುಗನಿಗೆ
* ಕಣೇ: ಸಲಿಗೆಯ ಹೆಂಗಸು ಅಥವಾ ಹುಡುಗಿಗೆ
* ಕಣ್ರೋ: ಸಲಿಗೆಯ ಗುಂಪಿಗೆ
* ಕಣಯ್ಯ, ಕಣಪ್ಪ, ಕಣಮ್ಮ, ಕಣಣ್ಣ, ಕಣಕ್ಕ: ಸಂಬಂಧವಾಚಕಗಳೊಡನೆ
* ಕಣ್ರೀ: ಗೌರವಕ್ಕೆ ಪಾತ್ರರಾದವರಿಗೆ, ಅಪರಿಚಿತರಿಗೆ

ಬಳಕೆ

'ಬಸ್ಸು ಹೋಯ್ತು' ಎಂಬುದು ಬರಿಯ ಸುದ್ದಿ. 'ಬಸ್ಸು ಹೋಯ್ತು ಕಣೋ' ಎಂದಾಗ ಅದು ಕೇಳುವವನಿಗೂ ಸಂಬಂಧಿಸಿದ ಸಂಗತಿಯಾಗುತ್ತದೆ. ನಂಬದವನಿಗೆ 'ನಿಜ ಕಣೋ' ಎಂಬುದು ಭರವಸೆ, ಅಳುವವನಿಗೆ 'ಹೋಗ್ಲಿ ಬಿಡು ಕಣೋ' ಎಂಬುದು ಸಾಂತ್ವನ, ತುಂಟನಿಗೆ 'ಏಟು ಬೀಳತ್ತೆ ಕಣೋ' ಎಂಬುದು ಎಚ್ಚರಿಕೆ. 'ಅಯ್ಯೋ, ಮರೆತೇಹೋಯ್ತು ಕಣೇ' ಎಂಬಲ್ಲಿ ಥಟ್ಟನೆ ಹೊಳೆದ ನೆನಪಿದೆ. ಪ್ರಶ್ನೆಗಳಿಗೆ ಇದು ಸಾಮಾನ್ಯವಾಗಿ ಸೇರುವುದಿಲ್ಲ. ಅಲ್ಲಿ 'ಎಲ್ಲಿಗೆ ಹೋಗಿದ್ಯೋ?' ಎಂಬಂತೆ ಸಂಬೋಧನೆಯ ಪ್ರತ್ಯಯ ಮಾತ್ರ ಬರುತ್ತದೆ.

ಗೌರವದ ಪ್ರಶ್ನೆ

ಎದುರಿಗಿರುವವರು ಯಾರೆಂದು ನಿರ್ಧರಿಸದೆ ಈ ಪದವನ್ನು ಬಳಸಲಾಗದು. ಗೆಳೆಯನಿಗೆ ಆತ್ಮೀಯವಾಗಿ ಕೇಳಿಸುವ 'ಕಣೋ' ಹಿರಿಯರ ವಿಷಯದಲ್ಲಿ ಅವಮಾನವಾಗುತ್ತದೆ. ಆಪ್ತ ಗೆಳೆಯನಿಗೆ ಇದ್ದಕ್ಕಿದ್ದಂತೆ 'ಕಣ್ರೀ' ಎಂದರೆ ಅದು ತಮಾಷೆ ಇಲ್ಲವೇ ಮುನಿಸು. ಕನ್ನಡವನ್ನು ಹೊಸದಾಗಿ ಕಲಿಯುವವರಿಗೆ ಈ ಪದ ಕಷ್ಟವೆನಿಸುವುದು ಇದೇ ಕಾರಣಕ್ಕೆ: ವಾಕ್ಯ ವ್ಯಾಕರಣದ ಪ್ರಕಾರ ಸರಿಯಾಗಿದ್ದರೂ ಕೊನೆಯ ಅಕ್ಷರ ಸಂಬಂಧವನ್ನು ಕೆಡಿಸಬಲ್ಲದು.