ಉಪ್ಪುನೀರಿನ ಮೀನಿನ ರೋಗ: ಗುರುತಿಸುವ ಬಗೆ, ಚಿಕಿತ್ಸೆ ಮತ್ತು ಒಂದು ತಪ್ಪು ಲೆಕ್ಕ

ನಮ್ಮ ಪತ್ರಿಕೆಯ ವಾಚಕರಲ್ಲಿ ಬಟ್ಟೆ, ಕಬ್ಬಿಣ, ಔಷಧಿ, ಯಂತ್ರಗಳ ಬಿಡಿಭಾಗ ಮುಂತಾದವುಗಳ ವ್ಯವಹಾರ ನಡೆಸುವವರೇ ಅಧಿಕ. ರಾತ್ರಿ ಬೀಗ ಹಾಕಿದಾಗ ಇದ್ದ ದಾಸ್ತಾನು ಬೆಳಿಗ್ಗೆಯೂ ಹಾಗೆಯೇ ಇರುತ್ತದೆಂಬ ನೆಮ್ಮದಿ ಇವರಿಗುಂಟು. ಅಲಂಕಾರಿಕ ಮೀನುಗಳ ವರ್ತಕರಿಗೆ ಈ ನೆಮ್ಮದಿ ಇಲ್ಲ. ಅವರ ದಾಸ್ತಾನು ಉಸಿರಾಡುತ್ತದೆ, ಆಹಾರ ಬೇಡುತ್ತದೆ, ಕಾಯಿಲೆ ಬೀಳುತ್ತದೆ. ಅದರಲ್ಲಿಯೂ ಸಮುದ್ರದ ಮೀನುಗಳ ವ್ಯಾಪಾರದಲ್ಲಿ ಒಂದು ವಾರದ ಅಲಕ್ಷ್ಯವು ಒಂದು ವರ್ಷದ ಲಾಭವನ್ನು ನುಂಗಿಬಿಡಬಲ್ಲದು. ಈ ವಿಷಯವನ್ನು ಲೆಕ್ಕಪರಿಶೋಧಕನಾದ ನಾನು ಬರೆಯಲು ಕಾರಣವಿದೆ. ಅಂತಹ ಒಂದು ನಷ್ಟಕ್ಕೆ ನನ್ನ ಸಲಹೆಯೇ ಮೂಲವಾಗಿತ್ತು.

ನಾನು ನೀಡಿದ ಸಲಹೆ

ಬೆಂಗಳೂರಿನಲ್ಲಿ ಅಕ್ವೇರಿಯಂ ಅಂಗಡಿ ನಡೆಸುವ ನನ್ನ ಕಕ್ಷಿದಾರರೊಬ್ಬರು ಹೊಸದಾಗಿ ಬಂದ ಸಮುದ್ರಮೀನುಗಳನ್ನು ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ಬೇರೆಯಾದ ನಾಲ್ಕು ತೊಟ್ಟಿಗಳಲ್ಲಿ, ನಾಲ್ಕು ವಾರ ಇರಿಸಿ ಅನಂತರವೇ ಮಾರಾಟಕ್ಕೆ ತರುತ್ತಿದ್ದರು. 2011ರ ಏಪ್ರಿಲಿನಲ್ಲಿ ವರ್ಷಾಂತ್ಯದ ದಾಸ್ತಾನಿನ ಪಟ್ಟಿಯನ್ನು ಪರಿಶೀಲಿಸಿದಾಗ, ಹಣ ಪಾವತಿಯಾದ ಸರಕು ಇಪ್ಪತ್ತೆಂಟು ದಿನ ಮಾರಾಟವಿಲ್ಲದೆ ಕುಳಿತಿರುವುದು ನನ್ನ ಕಣ್ಣಿಗೆ ದೋಷವಾಗಿ ಕಂಡಿತು. "ಇದು ಸತ್ತ ಬಂಡವಾಳ, ದಾಸ್ತಾನಿನ ಆವರ್ತನೆಯನ್ನು ಹೆಚ್ಚಿಸಿ" ಎಂದು ತಿಳಿಸಿದೆ. ಅವರು ಹಿಂಜರಿದರು. ನಾನು ಅಂಕಿ ಅಂಶಗಳನ್ನು ಮುಂದಿಟ್ಟೆ. ಹಿಂದಿನ ಕೋಣೆ ತೆರವಾಯಿತು.

ಅದೇ ವರ್ಷ ಮಳೆಗಾಲದಲ್ಲಿ ಬಂದ ಹೊಸ ಸರಕು ನೇರವಾಗಿ ಪ್ರದರ್ಶನದ ತೊಟ್ಟಿಗಳನ್ನು ಸೇರಿತು. ನೀಲಿ ಬಣ್ಣದ ಒಂದು ಸರ್ಜನ್ ಮೀನಿನ ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಬಿಳಿಚುಕ್ಕೆಗಳು ಕಂಡವು. ಐದನೆಯ ದಿನ ಅವು ತಾವಾಗಿಯೇ ಮಾಯವಾದವು. "ವಾಸಿಯಾಯಿತು" ಎಂದು ಸಂತೋಷಪಟ್ಟು ಅವರು ಆ ತೊಟ್ಟಿಯ ಮೂರು ಮೀನುಗಳನ್ನು ಒಬ್ಬ ಹಳೆಯ ಗಿರಾಕಿಗೆ ಮಾರಿದರು. ಹತ್ತು ಹನ್ನೆರಡು ದಿನಗಳಲ್ಲಿ ಅಂಗಡಿಯ ಬಹುತೇಕ ತೊಟ್ಟಿಗಳಲ್ಲಿ ಚುಕ್ಕೆಗಳು ಕಾಣಿಸಿಕೊಂಡವು. ಎಲ್ಲ ತೊಟ್ಟಿಗಳಿಗೂ ಶುದ್ಧೀಕರಣದ ವ್ಯವಸ್ಥೆ ಒಂದೇ ಆಗಿದ್ದುದರಿಂದ ನೀರಿನೊಡನೆ ರೋಗವೂ ಹರಿದಿತ್ತು. ಗಾಬರಿಯಿಂದ ಅವರು ಆ ನೀರಿಗೆ ತಾಮ್ರದ ಔಷಧ ಸುರಿದರು. ಸೀಗಡಿಗಳೂ ಕಡಲ ಹೂಗಳೂ ಮೊದಲು ಸತ್ತವು, ಅನಂತರ ಮೀನುಗಳು. ಗಿರಾಕಿಯ ಮನೆಯ ತೊಟ್ಟಿಯೂ ಬರಿದಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಮಾತಿನಂತೆ ಆ ಗಿರಾಕಿ ಮತ್ತೆ ಅಂಗಡಿಗೆ ಬರಲಿಲ್ಲ.

ಕಕ್ಷಿದಾರರು ನನ್ನನ್ನು ದೂರಲಿಲ್ಲ. ಆದರೆ ಮುಂದಿನ ವರ್ಷದ ಲಾಭ-ನಷ್ಟದ ತಃಖ್ತೆಯಲ್ಲಿ "ಸತ್ತ ಸರಕು" ಎಂಬ ಬಾಬಿನ ಕೆಳಗೆ ಸಹಿ ಹಾಕುವಾಗ ನನಗೆ ನಾಚಿಕೆಯಾಯಿತು. ಅಂದಿನಿಂದ ಈ ವಿಷಯವನ್ನು ಓದಿ, ಬಲ್ಲವರನ್ನು ಕೇಳಿ ತಿಳಿದದ್ದನ್ನು ಇಲ್ಲಿ ನಿವೇದಿಸಿದ್ದೇನೆ.

ಚುಕ್ಕೆ ಮಾಯವಾದರೆ ರೋಗ ಹೋದಂತಲ್ಲ

ಸಮುದ್ರಮೀನಿನ ಬಿಳಿಚುಕ್ಕೆ ರೋಗಕ್ಕೆ ಕಾರಣ ಕ್ರಿಪ್ಟೋಕ್ಯಾರಿಯಾನ್ ಇರಿಟನ್ಸ್ ಎಂಬ ಏಕಕೋಶದ ಪರಾವಲಂಬಿ. ಇದು ಮೀನಿನ ಚರ್ಮ ಮತ್ತು ಕಿವಿರುಗಳೊಳಗೆ ಹುದುಗಿ ಸುಮಾರು 3ರಿಂದ 7 ದಿನ ಬೆಳೆಯುತ್ತದೆ. ಅನಂತರ ಮೀನನ್ನು ಬಿಟ್ಟು ತೊಟ್ಟಿಯ ತಳವನ್ನೋ ಕಲ್ಲನ್ನೋ ಸೇರಿ, ಸುತ್ತಲೂ ಗಟ್ಟಿಯಾದ ಕೋಶ ಕಟ್ಟಿಕೊಂಡು ವಿಭಜನೆಗೊಳ್ಳುತ್ತದೆ. ಕೆಲವು ದಿನಗಳಿಂದ ಹಲವು ವಾರಗಳ ಅವಧಿಯಲ್ಲಿ ಒಂದೊಂದು ಕೋಶದಿಂದಲೂ ನೂರಾರು ಮರಿಗಳು ಹೊರಬಿದ್ದು, ಒಂದೆರಡು ದಿನಗಳೊಳಗೆ ಹೊಸ ಮೀನನ್ನು ಹುಡುಕಿ ಅಂಟಿಕೊಳ್ಳುತ್ತವೆ.

ಆದ್ದರಿಂದ ಚುಕ್ಕೆ ಮರೆಯಾದ ದಿನವೇ ಅಪಾಯ ವೃದ್ಧಿಯಾಗುವ ದಿನ. ಔಷಧವು ಕೊಲ್ಲುವುದು ನೀರಿನಲ್ಲಿ ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗಿರುವವು ಮತ್ತು ಕೋಶದೊಳಗಿರುವವು ಅದಕ್ಕೆ ಸಿಕ್ಕುವುದಿಲ್ಲ. ಎರಡು ದಿನ ಔಷಧ ಹಾಕಿ ನಿಲ್ಲಿಸುವುದು ವ್ಯರ್ಥವಾಗುವುದು ಈ ಕಾರಣದಿಂದಲೇ.

ಮೊದಲು ನೀರು, ಅನಂತರ ಮೀನು

ಮೀನು ಏದುಸಿರು ಬಿಡುತ್ತಿದ್ದರೆ ಮೊಟ್ಟಮೊದಲು ಪರೀಕ್ಷಿಸಬೇಕಾದದ್ದು ನೀರನ್ನು. ಅಮೋನಿಯಾ ಮತ್ತು ನೈಟ್ರೈಟ್ ಶೂನ್ಯವಾಗಿರಬೇಕು. ಸಾಪೇಕ್ಷ ಸಾಂದ್ರತೆ 1.023ರಿಂದ 1.025, ಪಿ.ಎಚ್. 8.1ರಿಂದ 8.4, ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರುವುದು ಕ್ಷೇಮ. ಅಮೋನಿಯಾದ ವಿಷಬಾಧೆಯೂ ಕಿವಿರಿನ ರೋಗವೂ ನೋಡಲು ಒಂದೇ ಬಗೆ. ನೀರು ಕೆಟ್ಟಿರುವಾಗ ಔಷಧ ಹಾಕುವುದೆಂದರೆ ಬೆಂಕಿಗೆ ತುಪ್ಪ ಸುರಿದಂತೆ.

ನೀರು ಸರಿಯಿದೆಯೆಂದು ಖಚಿತವಾದ ಮೇಲೆ ಕೆಳಗಿನ ಲಕ್ಷಣಗಳನ್ನು ಗಮನಿಸಬೇಕು.

ಬಿಳಿಚುಕ್ಕೆ ರೋಗ: ಬಿಡಿಬಿಡಿಯಾಗಿ ಎಣಿಸಬಹುದಾದ, ಉಪ್ಪಿನ ಹರಳಿನ ಗಾತ್ರದ ಚುಕ್ಕೆಗಳು. ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಚುಕ್ಕೆಗಳು ಬಂದು ಹೋಗಿ, ಮತ್ತೆ ಅಧಿಕವಾಗಿ ಬರುತ್ತವೆ.

ಮಖಮಲ್ ರೋಗ: ಅಮೈಲೂಡಿನಿಯಂ ಎಂಬ ಪರಾವಲಂಬಿಯಿಂದ ಬರುತ್ತದೆ. ಚುಕ್ಕೆಗಳು ಎಣಿಸಲಾಗದಷ್ಟು ಸೂಕ್ಷ್ಮ. ಓರೆಯಾಗಿ ದೀಪ ಹಿಡಿದರೆ ಮೈಮೇಲೆ ಹೊಂಬಣ್ಣದ ಧೂಳಿನಂತೆ ತೋರುತ್ತದೆ. ಮೊದಲು ಕಿವಿರಿಗೆ ತಗಲುವುದರಿಂದ ಚರ್ಮದಲ್ಲಿ ಏನೂ ಕಾಣುವ ಮುನ್ನವೇ ಮೀನು ವೇಗವಾಗಿ ಉಸಿರಾಡುತ್ತದೆ, ಬೆಳಕಿಗೆ ಹೆದರುತ್ತದೆ, ನೀರು ಚಿಮ್ಮುವ ಕಡೆ ನಿಲ್ಲುತ್ತದೆ. ಕೆಲವೇ ದಿನಗಳಲ್ಲಿ ಸಾವು ಸಂಭವಿಸುವುದರಿಂದ ಇಲ್ಲಿ ವಿಳಂಬಕ್ಕೆ ಅವಕಾಶವಿಲ್ಲ.

ಬ್ರೂಕ್ಲಿನೆಲ್ಲಾ: ಕ್ಲೌನ್ ಮೀನುಗಳಿಗೆ ವಿಶೇಷವಾಗಿ ತಗಲುತ್ತದೆ. ಮೈಯಿಂದ ದಪ್ಪನೆಯ ಲೋಳೆ ಸುರಿಯುತ್ತದೆ, ಚರ್ಮ ಪೊರೆಯಂತೆ ಸುಲಿಯುತ್ತದೆ. ಇದಕ್ಕೆ ತಾಮ್ರದಿಂದ ಪ್ರಯೋಜನವಿಲ್ಲ.

ಚಪ್ಪಟೆ ಹುಳುಗಳು: ಕಣ್ಣು ಮಬ್ಬಾಗುತ್ತದೆ, ಮೀನು ತಲೆ ಒದರುತ್ತದೆ, ಮೈ ಉಜ್ಜುತ್ತದೆ. ಪಾರದರ್ಶಕವಾದ ಹುಳುಗಳು ಬರಿಗಣ್ಣಿಗೆ ಕಾಣುವುದು ಕಷ್ಟ. ಉಷ್ಣತೆ ಮತ್ತು ಪಿ.ಎಚ್. ಸರಿಹೊಂದಿಸಿ, ಗಾಳಿಯಾಡಿಸಿದ ಸಿಹಿನೀರಿನಲ್ಲಿ ಮೀನನ್ನು ಐದು ನಿಮಿಷ ಇರಿಸಿದರೆ ಅವು ಬೆಳ್ಳಗಾಗಿ ಉದುರುತ್ತವೆ. ಪರೀಕ್ಷೆಯೂ ಚಿಕಿತ್ಸೆಯ ಆರಂಭವೂ ಒಮ್ಮೆಗೇ ಆಗುತ್ತದೆ.

ಲಿಂಫೋಸಿಸ್ಟಿಸ್: ಈಜುರೆಕ್ಕೆಗಳ ಅಂಚಿನಲ್ಲಿ ಹೂಕೋಸಿನಂತಹ ಗಂಟುಗಳು. ಇದು ವೈರಸ್ಸಿನಿಂದ ಬರುವುದು. ಇದಕ್ಕೆ ಔಷಧವಿಲ್ಲ. ಒಳ್ಳೆಯ ನೀರು, ಒಳ್ಳೆಯ ಆಹಾರವಿದ್ದರೆ ಸಾಮಾನ್ಯವಾಗಿ ತಾನಾಗಿಯೇ ಇಳಿಯುತ್ತದೆ. ಇದನ್ನು ಬಿಳಿಚುಕ್ಕೆಯೆಂದು ಭ್ರಮಿಸಿ ತಾಮ್ರ ಹಾಕಿದರೆ ಬದುಕಬಹುದಾಗಿದ್ದ ಮೀನನ್ನು ನಾವೇ ಕೊಂದಂತಾಗುತ್ತದೆ.

ಬರಿಗಣ್ಣಿನ ನಿರ್ಣಯ ಊಹೆಯೇ ಹೊರತು ಸಾಕ್ಷ್ಯವಲ್ಲ. ಚರ್ಮದ ಲೋಳೆ ಮತ್ತು ಕಿವಿರಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ನಿಶ್ಚಿತ ಮಾರ್ಗ. ದೊಡ್ಡ ಸಂಗ್ರಹವುಳ್ಳ ವರ್ತಕರು ಒಂದು ಸಾಧಾರಣ ಸೂಕ್ಷ್ಮದರ್ಶಕವನ್ನು ಇಟ್ಟುಕೊಂಡು ಬಲ್ಲವರಿಂದ ಅಭ್ಯಾಸ ಮಾಡುವುದು ಲೇಸು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿ ಜಲಚರಗಳ ಆರೋಗ್ಯವು ಒಂದು ಬೋಧನಾ ವಿಷಯ. ಅಲ್ಲಿ ಕಲಿತು ಬಂದ ಪದವೀಧರರ ನೆರವನ್ನು ನಮ್ಮ ವರ್ತಕರು ಪಡೆಯಬಹುದು.

ಚಿಕಿತ್ಸೆಯ ಕ್ರಮ

ಮೊದಲನೆಯ ನಿಯಮವೆಂದರೆ, ಪ್ರದರ್ಶನದ ತೊಟ್ಟಿಯಲ್ಲಿ ಎಂದಿಗೂ ಚಿಕಿತ್ಸೆ ನಡೆಸಬಾರದು. ತಾಮ್ರವು ಸೀಗಡಿ, ಶಂಖ, ಕಡಲ ಹೂ ಮುಂತಾದ ಬೆನ್ನೆಲುಬಿಲ್ಲದ ಜೀವಿಗಳಿಗೆ ವಿಷ. ಸುಣ್ಣದ ಅಂಶವುಳ್ಳ ಕಲ್ಲು ಮತ್ತು ಮರಳು ಅದನ್ನು ಹೀರಿಕೊಳ್ಳುವುದರಿಂದ ನೀರಿನಲ್ಲಿ ಪ್ರಮಾಣವೂ ನಿಲ್ಲುವುದಿಲ್ಲ. ಬರಿಯ ತಳದ, ಅಡಗಲು ಕೊಳವೆಯ ತುಂಡುಗಳನ್ನಷ್ಟೇ ಇರಿಸಿದ ಬೇರೆ ತೊಟ್ಟಿಯೇ ಚಿಕಿತ್ಸಾಲಯ. ಔಷಧ ಹಾಕುವಾಗ ಇದ್ದಿಲಿನ ಶೋಧಕವನ್ನು ತೆಗೆಯಬೇಕು, ಇಲ್ಲವಾದರೆ ಔಷಧವನ್ನೇ ಅದು ಹೀರುತ್ತದೆ.

ಬಿಳಿಚುಕ್ಕೆ ಹಾಗೂ ಮಖಮಲ್ ರೋಗಗಳಿಗೆ ತಾಮ್ರದ ಸಲ್ಫೇಟ್ ಬಳಸುವುದಾದರೆ, ಮುಕ್ತ ತಾಮ್ರವು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಪ್ರಮಾಣದಲ್ಲಿ ಸುಮಾರು ಮೂರು ವಾರ ಸತತವಾಗಿ ಇರಬೇಕು. ಇದಕ್ಕಿಂತ ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ಮೀನು ಉಳಿಯುವುದಿಲ್ಲ. ಪ್ರಮಾಣವನ್ನು ಕ್ರಮೇಣ ಏರಿಸಿ, ದಿನಕ್ಕೆ ಎರಡು ಬಾರಿ ಪರೀಕ್ಷಾ ಸಾಧನದಿಂದ ಅಳೆಯಬೇಕು. ಸಂಯುಕ್ತ ರೂಪದಲ್ಲಿ ಮಾರಾಟವಾಗುವ ತಾಮ್ರದ ಔಷಧಗಳ ಪ್ರಮಾಣ ಬೇರೆಯಾದ್ದರಿಂದ ತಯಾರಕರ ಸೂಚನೆಯನ್ನೇ ಅನುಸರಿಸತಕ್ಕದ್ದು.

ತಾಮ್ರ ಸಹಿಸದ ಮೀನುಗಳಿಗೆ ಬಿಳಿಚುಕ್ಕೆ ತಗಲಿದ್ದಲ್ಲಿ, ಸಾಪೇಕ್ಷ ಸಾಂದ್ರತೆಯನ್ನು ಎರಡು ಮೂರು ದಿನಗಳಲ್ಲಿ 1.009ಕ್ಕೆ ಇಳಿಸಿ ಮೂರು ನಾಲ್ಕು ವಾರ ಇರಿಸುವ ವಿಧಾನವಿದೆ. ಔಷಧವೇ ಬೇಡದ ಇನ್ನೊಂದು ವಿಧಾನವೆಂದರೆ, ಮೂರು ದಿನಕ್ಕೊಮ್ಮೆ ಮೀನನ್ನು ತೊಳೆದು ಒಣಗಿಸಿದ ಹೊಸ ತೊಟ್ಟಿಗೆ ನಾಲ್ಕು ಬಾರಿ ವರ್ಗಾಯಿಸುವುದು. ಮೀನಿನಿಂದ ಉದುರಿದ ಪರಾವಲಂಬಿ ಮರಳಿ ಅಂಟುವ ಮುನ್ನವೇ ಮೀನು ಸ್ಥಳಾಂತರಗೊಂಡಿರುತ್ತದೆ. ಆದರೆ ಈ ಎರಡೂ ಉಪಾಯಗಳನ್ನು ಮಖಮಲ್ ರೋಗಕ್ಕೆ ನಂಬುವಂತಿಲ್ಲ. ರೋಗವನ್ನು ಗುರುತಿಸದೆ ಚಿಕಿತ್ಸೆ ಆರಂಭಿಸಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬ್ರೂಕ್ಲಿನೆಲ್ಲಾಕ್ಕೆ ಫಾರ್ಮಲಿನ್ ಸ್ನಾನ ರೂಢಿಯಲ್ಲಿದೆ. ಇದು ಮನುಷ್ಯರಿಗೂ ಹಾನಿಕರ ಮತ್ತು ನೀರಿನ ಆಮ್ಲಜನಕವನ್ನು ತಗ್ಗಿಸುವಂಥದು. ಆದುದರಿಂದ ತಜ್ಞರ ನಿರ್ದೇಶನವಿಲ್ಲದೆ ಉಪಯೋಗಿಸಬಾರದು. ಚಪ್ಪಟೆ ಹುಳುಗಳಿಗೆ ಪ್ರಾಜಿಕ್ವಾಂಟೆಲ್ ಎಂಬ ಔಷಧವಿದೆ. ಏನೇ ಆದರೂ ಗಾಬರಿಯಿಂದ ಎರಡು ಮೂರು ಔಷಧಗಳನ್ನು ಒಮ್ಮೆಗೇ ಬೆರೆಸಬಾರದು.

ಮೀನುಗಳನ್ನು ತೆಗೆದ ಪ್ರದರ್ಶನದ ತೊಟ್ಟಿಯಲ್ಲಿ ಬಿಳಿಚುಕ್ಕೆಯ ಕೋಶಗಳು ಉಳಿದಿರುತ್ತವೆ. ಅದನ್ನು 76 ದಿನ ಮೀನಿಲ್ಲದೆ ಬಿಡುವುದು ಅನುಭವಸ್ಥರ ರೂಢಿ. ಆತಿಥೇಯನಿಲ್ಲದೆ ಪರಾವಲಂಬಿ ತಾನಾಗಿ ನಾಶವಾಗುತ್ತದೆ.

ನಾಲ್ಕು ವಾರಗಳ ನಿಜವಾದ ಬೆಲೆ

ಇನ್ನು ಲೆಕ್ಕಕ್ಕೆ ಬರೋಣ. ಉದಾಹರಣೆಗೆ, ತಲಾ 1,200 ರೂಪಾಯಿಯ 50 ಮೀನುಗಳು ಬಂದವೆನ್ನೋಣ. ಒಟ್ಟು ಬೆಲೆ 60,000 ರೂಪಾಯಿ. ಶೇಕಡಾ 12ರ ದರದಲ್ಲಿ 28 ದಿನಗಳ ಬಡ್ಡಿ ಸುಮಾರು 552 ರೂಪಾಯಿ. ಉಪ್ಪು, ವಿದ್ಯುತ್ತು, ಆಹಾರ, ಪರೀಕ್ಷಾ ಸಾಧನ, ಕೆಲಸದವರ ವೇಳೆ ಎಲ್ಲವೂ ಸೇರಿ 6,000 ರೂಪಾಯಿ ಎಂದಿಟ್ಟುಕೊಂಡರೂ ಒಟ್ಟು ವೆಚ್ಚ 6,552 ರೂಪಾಯಿ. ಇದು ಐದೂವರೆ ಮೀನುಗಳ ಬೆಲೆ. ಐವತ್ತರಲ್ಲಿ ಆರು ಮೀನುಗಳ ಸಾವನ್ನು ತಪ್ಪಿಸಿದರೂ ವೆಚ್ಚ ಮರಳಿದಂತೆ. ಅಂಗಡಿಯಲ್ಲಿ ಮೊದಲೇ ಇದ್ದ ದಾಸ್ತಾನಿಗೆ ರೋಗ ಹರಡದಿರುವುದೂ ಗಿರಾಕಿಯ ನಂಬಿಕೆ ಉಳಿಯುವುದೂ ಈ ಲೆಕ್ಕದ ಆಚೆಗಿನ ಲಾಭ. 2011ರಲ್ಲಿ ನಾನು ಉಳಿಸಲು ಹೊರಟಿದ್ದು ಮುಖ್ಯವಾಗಿ ಆ ಬಡ್ಡಿಯ ಮೊತ್ತವನ್ನು!

ಹೊಸ ಸರಕನ್ನು ಪ್ರತ್ಯೇಕವಾಗಿರಿಸುವ ಪದ್ಧತಿಯೇ ವ್ಯಾಪಾರಿಗಳ ನಗರವೊಂದರ ಕೊಡುಗೆ. ಇಂದು ಕ್ರೊಯೇಷಿಯಾದ ಡುಬ್ರೋವ್ನಿಕ್ ಎನಿಸಿರುವ ರಗೂಸಾ ಎಂಬ ಬಂದರು ನಗರವು 1377ರಲ್ಲಿ, ಪ್ಲೇಗ್ ಪೀಡಿತ ಪ್ರದೇಶಗಳಿಂದ ಬಂದವರು ಮೂವತ್ತು ದಿನ ಹೊರಗೇ ಇರಬೇಕೆಂದು ಕಟ್ಟಳೆ ಮಾಡಿತು. ಅನಂತರ ಈ ಅವಧಿ ನಲವತ್ತು ದಿನಗಳಿಗೆ ಏರಿ, ಇಟಲಿಯ ಭಾಷೆಯ ಆ ಸಂಖ್ಯೆಯಿಂದಲೇ ಕ್ವಾರಂಟೈನ್ ಎಂಬ ಶಬ್ದ ಹುಟ್ಟಿತು. 2020ರಲ್ಲಿ ಅದು ನಮ್ಮ ಮನೆಮನೆಯ ಮಾತಾಯಿತು. ವ್ಯಾಪಾರವನ್ನು ನಿಲ್ಲಿಸದೆ ಉಳಿಸಿಕೊಳ್ಳಲು ವ್ಯಾಪಾರಿಗಳೇ ಕಂಡುಕೊಂಡ ಉಪಾಯವಿದು.

ಅನುಸರಿಸಬೇಕಾದ ಕ್ರಮಗಳು ಸರಳ. ಹೊಸ ಮೀನುಗಳ ತೊಟ್ಟಿಗೆ ಬೇರೆ ಶೋಧಕ, ಬೇರೆ ಬಲೆ, ಬೇರೆ ಬಕೆಟ್ಟು ಇರಲಿ. ದೂರ ಪ್ರಯಾಣ ಮಾಡಿ ಬಂದ ಚೀಲವನ್ನು ತೆರೆದೊಡನೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿ.ಎಚ್. ಏರುತ್ತದೆ, ಅದರೊಡನೆ ಚೀಲದಲ್ಲಿನ ಅಮೋನಿಯಾ ಉಗ್ರ ವಿಷವಾಗುತ್ತದೆ. ಆದಕಾರಣ ತೊಟ್ಟಿಯ ಲವಣಾಂಶವನ್ನು ಮೊದಲೇ ಚೀಲದ ನೀರಿಗೆ ಹೊಂದಿಸಿಟ್ಟು, ಉಷ್ಣತೆ ಸಮವಾದೊಡನೆ ಮೀನನ್ನು ಬೇಗ ವರ್ಗಾಯಿಸಬೇಕು, ಚೀಲದ ನೀರನ್ನು ಚೆಲ್ಲಬೇಕು. ಪ್ರತಿ ತೊಟ್ಟಿಗೂ ಒಂದು ಪುಸ್ತಕವಿದ್ದು ಬಂದ ದಿನ, ಪೂರೈಕೆದಾರ, ಲಕ್ಷಣ, ಔಷಧ, ಸಾವು ಇವುಗಳನ್ನು ಬರೆಯಬೇಕು. ಯಾವ ಪೂರೈಕೆದಾರರ ಸರಕು ರೋಗ ತರುತ್ತದೆಂಬುದು ಆರು ತಿಂಗಳಲ್ಲಿ ಆ ಪುಸ್ತಕದಿಂದಲೇ ತಿಳಿಯುತ್ತದೆ. ಸಾಧ್ಯವಿದ್ದಲ್ಲಿ ಮರಿಕೇಂದ್ರಗಳಲ್ಲಿ ಬೆಳೆಸಿದ ಮೀನನ್ನೇ ಕೊಳ್ಳುವುದು ಉತ್ತಮ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ತನ್ನ ಮಂಡಪಂ ಕೇಂದ್ರದಲ್ಲಿ ಕ್ಲೌನ್ ಮೀನುಗಳ ಮರಿ ಉತ್ಪಾದನೆಯ ತಂತ್ರವನ್ನು ರೂಪಿಸಿದೆ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬಂತೆ, 2012ರಲ್ಲಿ ನನ್ನ ಕಕ್ಷಿದಾರರು ಹಿಂದಿನ ಕೋಣೆಯಲ್ಲಿ ಮತ್ತೆ ತೊಟ್ಟಿಗಳನ್ನು ಇರಿಸಿದರು. ಈ ಬಾರಿ ನಾಲ್ಕರ ಬದಲು ಎರಡೇ, ಏಕೆಂದರೆ ಬಂಡವಾಳ ಅಷ್ಟೇ ಉಳಿದಿತ್ತು. ತೊಟ್ಟಿಗಳ ಮೇಲೆ ದಿನಾಂಕದೊಡನೆ "ಮಾರಾಟಕ್ಕಿಲ್ಲ" ಎಂಬ ಚೀಟಿ ಇರುತ್ತದೆ. ಅವರ ಖಾತೆಯಲ್ಲಿ "ಪ್ರತ್ಯೇಕವಾಸದ ವೆಚ್ಚ" ಎಂಬ ಹೊಸ ಬಾಬನ್ನು ನಾನೇ ತೆರೆದಿದ್ದೇನೆ. ಪ್ರತಿ ವರ್ಷ ಪರಿಶೋಧನೆಗೆ ಹೋದಾಗ ಆ ಬಾಬಿನ ಮೊತ್ತ ಕಡಿಮೆಯಾಗಿದ್ದರೆ ಮಾತ್ರ ಕಾರಣ ಕೇಳುತ್ತೇನೆ.

ಇತರ ವ್ಯವಹಾರದ ಬಂಧುಗಳೂ ತಮ್ಮ ಲೆಕ್ಕಪರಿಶೋಧಕರು ಯಾವುದನ್ನಾದರೂ "ನಿಷ್ಕ್ರಿಯ" ಎಂದು ಕರೆದಾಗ, ಅದು ಏನನ್ನು ಕಾಯುತ್ತಿದೆಯೆಂದು ಅವರನ್ನು ಒಮ್ಮೆ ಕೇಳಬೇಕೆಂದು ವಿನಂತಿಸುತ್ತೇನೆ.